ಜವಳಿ ವರ್ತಕ ಬರೆಸಿದ ಮನೆ

“ಗುರುಗಳೇ, ಅರ್ಧ ಕಟ್ಟಡವನ್ನು ಕತ್ತಲಲ್ಲಿ ಮುಳುಗಿಸಿದ ಈ ಚಿತ್ರವನ್ನು ಒಳ್ಳೆಯದು ಎನ್ನುತ್ತೀರಲ್ಲ, ಅದು ಹೇಗೆ?” ಎಂದು ಶಿಷ್ಯ ಕೇಳಿದ.

ಬೆಳಗಿನಿಂದ ಗುರುಗಳು ಅವನನ್ನು ಒಂದು ಹಳೆಯ ಛತ್ರದ ತೈಲಚಿತ್ರದ ಮುಂದೆ ನಿಲ್ಲಿಸಿಕೊಂಡು, ಬೆಳಕು, ಆಕಾರ, ಗೋಡೆಯ ಒರಟು ತರಿ ಎಂದು ಗಂಟಲು ಒಣಗಿಸಿಕೊಂಡಿದ್ದರು. ಈಗ ಈ ಪ್ರಶ್ನೆ. ಅವರು ಹಣೆ ಒತ್ತಿಕೊಂಡು, “ಕೂತುಕೊಳ್ಳಪ್ಪ, ಇನ್ನು ಕತೆಯೊಂದೇ ಗತಿ” ಎಂದು ಶುರು ಮಾಡಿದರು.

ಒಬ್ಬ ಜವಳಿ ವರ್ತಕನಿದ್ದ. ರಸ್ತೆ ಅಗಲ ಮಾಡುವಾಗ ಅವನ ಮನೆಯನ್ನು ಕೆಡವುತ್ತಾರೆಂದು ಗೊತ್ತಾಯಿತು. ಹೆಂಡತಿ ಊಟ ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಜಗುಲಿಯಲ್ಲೇ ಮಧ್ಯಾಹ್ನಗಳನ್ನು ಕಳೆದವಳು. “ಮನೆ ಹೋದರೇನು, ಇದ್ದ ಹಾಗೇ ಬರೆಸಿ ನಿನ್ನ ಕಣ್ಣೆದುರು ತೂಗುಹಾಕುತ್ತೇನೆ” ಎಂದು ಮಾತು ಕೊಟ್ಟು, ವರ್ತಕ ಅವಳನ್ನು ತವರಿಗೆ ಕಳಿಸಿದ. ಕೈ ಪಳಗಿದ ಚಿತ್ರಕಾರನೊಬ್ಬನನ್ನು ಕರೆಸಿದ.

ಚಿತ್ರಕಾರ ದಿನವೂ ಹೊತ್ತು ಇಳಿಯುವಾಗ ಬಂದು, ಎದುರು ಕೂತು ಬರೆದ. ಬಣ್ಣ ಒಣಗಿದ ಮೇಲೆ ವರ್ತಕ ಚಿತ್ರವನ್ನು ಹೊರಗೆ ತಂದ. ಸೀರೆ ನೋಡುವಂತೆ ಬಿಸಿಲಿಗೆ ಹಿಡಿದ, ಹೆಬ್ಬೆರಳಿನಿಂದ ಉಜ್ಜಿದ. ಅವನಿಗೆ ರೇಗಿತು. ಬಟ್ಟೆಯ ಮೇಲೆ ಇಷ್ಟು ಕಲೆ ಇದ್ದಿದ್ದರೆ ಅವನು ಅದನ್ನು ಅಂಗಡಿಯೊಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ.

“ಏನಯ್ಯಾ ಇದು? ಬಣ್ಣವೆಲ್ಲ ಗಂಟುಗಂಟು. ಜಗುಲಿಗೆ ಮಸಿ ಬಳಿದಿದ್ದೀಯ. ಕಂಬಗಳು ಒಂದು ಮಗ್ಗುಲು ಕಪ್ಪು. ನಮ್ಮಪ್ಪ ಕೆತ್ತಿಸಿದ ಬಾಗಿಲು ಎಲ್ಲಿ?”

“ಅದು ಗಂಟಲ್ಲ ಸಾಹುಕಾರರೇ, ಸುಣ್ಣದ ಗೋಡೆಯ ತರಿ. ಮಗ್ಗುಲಲ್ಲಿ ಕಪ್ಪಿಲ್ಲದೆ ಕಂಬ ದುಂಡಗಾಗುವುದಿಲ್ಲ. ಬಾಗಿಲು ನೆರಳಿನಲ್ಲಿದೆ. ಸ್ವಲ್ಪ ಹೊತ್ತು ನೋಡಿ, ಕಾಣುತ್ತದೆ.”

“ನಮ್ಮನೆ ಬಾಗಿಲು ಕಾಣೋದಕ್ಕೆ ನಾನು ಕಾದುಕೊಂಡು ನಿಲ್ಲಬೇಕೇ? ಎಲ್ಲ ಬೆಳ್ಳಗೆ ಮಾಡು.”

ಚಿತ್ರಕಾರ ವಾದಿಸಿ ವಾದಿಸಿ ಸುಸ್ತಾದ. ಕೊನೆಗೆ ಗೋಡೆಯ ತರಿಯನ್ನು ಹೆರೆದು ನುಣುಪು ಮಾಡಿದ. ವರ್ತಕ ಬೆನ್ನ ಹಿಂದೆಯೇ ನಿಂತು, “ಇಗೋ, ಇಲ್ಲೊಂದು ಚೂರು ಕಪ್ಪು ಉಳಿದಿದೆ” ಎಂದು ಬೆರಳು ತೋರಿಸುತ್ತಲೇ ಇದ್ದ. ನೆರಳು ಪೂರ್ತಿ ಹೋಯಿತು. ಕಂಬಗಳು ಹಲಗೆಗಳಾದವು. ಬಾಗಿಲಿನ ಬಳ್ಳಿ, ಗಿಳಿ ಎಲ್ಲ ಎದ್ದು ಕಂಡವು. ಹೆಂಡತಿಗೆ ಕೊಟ್ಟ ಮಾತು ನಡೆಯಿತೆಂದು ವರ್ತಕ ಹಿಗ್ಗಿದ. ಆ ವಾರವೇ ಮನೆಯನ್ನು ಕೆಡವಿದರು.

ಹೆಂಡತಿ ಹೊಸ ಮನೆಗೆ ಬಂದಳು. ಕಾಲು ತೊಳೆಯಲೂ ಬಿಡದೆ ವರ್ತಕ ಅವಳನ್ನು ಚಿತ್ರದ ಮುಂದೆ ನಿಲ್ಲಿಸಿದ.

“ಚೆನ್ನಾಗಿದೆ. ಯಾರ ಮನೆ ಇದು?” ಎಂದಳು ಆಕೆ.

“ನಮ್ಮದೇ ಕಣೇ. ಅಗೋ, ನಿನ್ನ ಜಗುಲಿ.”

“ಇಷ್ಟು ಬಿಸಿಲಿನಲ್ಲಿ ನಾನೆಲ್ಲಿ ಕೂರುತ್ತಿದ್ದೆ? ಒರಗಿದರೆ ಸೆರಗಿಗೆಲ್ಲ ಸುಣ್ಣ ಹತ್ತುತ್ತಿತ್ತಲ್ಲ, ಆ ಗೋಡೆ ಎಲ್ಲಿ?”

ವರ್ತಕ ಚಿತ್ರವನ್ನು ಹೊತ್ತುಕೊಂಡು ಚಿತ್ರಕಾರನ ಬಳಿಗೆ ಓಡಿದ. ಮೊದಲಿದ್ದಂತೆ ಮಾಡಿಕೊಡು ಎಂದು ಅಂಗಲಾಚಿದ. ಚಿತ್ರಕಾರ, “ನೋಡಿ ಬರೆಯಲು ಈಗ ಮನೆ ಎಲ್ಲಿದೆ, ಸಾಹುಕಾರರೇ?” ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತುಂಬ ಯೋಚಿಸಿದ. ಆಮೇಲೆ, “ಏನೇ ಆಗಲಿ ಗುರುಗಳೇ, ಬಾಗಿಲಿನ ಕೆತ್ತನೆಯಂತೂ ಚೆನ್ನಾಗಿ ಬಂದಿತ್ತು, ಅಲ್ಲವೇ?” ಎಂದ.

ಗುರುಗಳು ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡು ಹೇಳಿದರು:

“ಬಾಗಿಲೇನೋ ಬಂದಿತ್ತಪ್ಪ, ಮನೆಯೇ ಬಂದಿರಲಿಲ್ಲ.”