ಮಂಗಟ್ಟೆ ಮೆತ್ತಿದ ಗೋಡೆ

ಮೃಗಾಲಯದ ಬಲೆ ದಾಟಿ ಹಾವು ಬರುವಂತೆಯೇ ಇರಲಿಲ್ಲ. ಆದರೂ ಮಂಗಟ್ಟೆ ಹಕ್ಕಿ ತನ್ನ ಕುಲದ ರೂಢಿಯಂತೆ ಪೊಟರೆಯೊಳಗೆ ಕೂತು, ಕೊಕ್ಕು ತೂರುವಷ್ಟು ಸೀಳು ಬಿಟ್ಟು, ಪೊಟರೆಯ ಬಾಯಿಗೆಲ್ಲ ಮಣ್ಣು ಮೆತ್ತಿ ಮರಿ ಮಾಡಿತು. ಮರಿಗೆ ದಿನವೂ ಒಂದೇ ಪಾಠ: "ಹೊರಗೆ ಹಾವಿದೆ, ಜೋಕೆ."

ಮರಿಯ ರೆಕ್ಕೆ ಬಲಿತ ಮೇಲೆ ತಾಯಿ ಗೋಡೆ ಒಡೆದು ಹೊರಬಂದು, "ಬಾ, ಹಾರು" ಎಂದು ಕರೆಯಿತು. ಮರಿ ಒಡೆದ ಕಡೆಗೆ ಒಳಗಿನಿಂದ ಮತ್ತೆ ಮಣ್ಣು ಮೆತ್ತಿಕೊಂಡಿತು.

"ಹೊರಗೆ ಹಾವಿದೆ."

"ಇಲ್ಲಿ ಇಲ್ಲ, ಮಗು."

"ಹಾಗಾದರೆ ಇಷ್ಟು ದಿನ ಯಾಕೆ ಹೇಳಿದೆ?"



ಬಲೆಯಾಚೆ ಸುಮೇಧಾ ನಿಂತಿದ್ದಳು. ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವಳು. ಪಕ್ಷಿಗಳ ಪಾಠಕ್ಕೆಂದು ಕರೆತಂದಿದ್ದಳು. ಅಲ್ಲಿಗೆ ಬಂದ ಶಾಲೆಯ ಹುಡುಗಿಯರು, "ಆಟಕ್ಕೆ ಬರ್ತೀಯೇನೇ?" ಎಂದು ಮಗಳು ಇಂಚರಳನ್ನು ಕರೆದರು. ಇಂಚರ ಅಮ್ಮನ ದುಪಟ್ಟಾ ಹಿಡಿದು ಹಿಂದೆ ಸರಿದಳು.

"ಹೋಗೇ, ಏನೂ ಮಾಡಲ್ಲ ಅವರು," ಎಂದು ಅಮ್ಮ ನೂಕಿದಳು. ಹಿಡಿತ ಇನ್ನೂ ಬಿಗಿಯಾಯಿತು. ಹುಡುಗಿಯರು ಹೊರಟುಹೋದರು.

"ಗೋಡೆ ಬೇಗ ಒಡೆಯಬೇಕಿತ್ತು ಕಣಮ್ಮ, ನಾನೂ ನೀನೂ," ಎಂದಿತು ಮಂಗಟ್ಟೆ.

ಸುಮೇಧಾಗೆ ಕೇಳಿಸಿದ್ದು ಬರೀ ಕೂಗು. "ನೋಡು ಇಂಚರಾ," ಎಂದಳು, "ಮರಿಯನ್ನು ಕಾಪಾಡಿದ ಖುಷಿಗೆ ಹೇಗೆ ಕೂಗುತ್ತಿದೆ!"