ಚಕ್ರದ ಮುಂದಿನ ಕಲ್ಲು

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಉಸ್ತಾದ್ ದಸ್ತಗೀರ್ ಹಳೆಯ ಲಾರಿಗಳಿಗೆ ಹೊಸ ಜನ್ಮ ಕೊಡುತ್ತಿದ್ದರು.

ಒಂದು ಲಾರಿಯ ಬಾನೆಟ್ ಕಿತ್ತು ಇನ್ನೊಂದಕ್ಕೆ ಕೂರಿಸುವುದು, ಒಂದರ ಇಂಜಿನ್ ಇಳಿಸಿ ಮತ್ತೊಂದಕ್ಕೆ ಏರಿಸುವುದು ಅವರ ವಿದ್ಯೆ. ನಾಲ್ಕು ಜಿಲ್ಲೆಯ ಮಾಲೀಕರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಅವರು ಹೆಚ್ಚು ಮಾತಿನ ಮನುಷ್ಯರಲ್ಲ. ಶಿಷ್ಯರು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಬಿಡಿಸಿ ಹೇಳುತ್ತಲೂ ಇರಲಿಲ್ಲ. ಏನೋ ಒಂದು ಮಾಡಿ ಎದ್ದು ಹೋಗುತ್ತಿದ್ದರು. ಅದರ ಅರ್ಥ ಹುಡುಕುವುದು ಶಿಷ್ಯರ ಪಾಡು.

ಬಂದವರೆಲ್ಲ ಬಿಟ್ಟು ಹೋದರು. ಉಳಿದವನು ಮೌನೇಶ ಒಬ್ಬನೇ. ಕಮ್ಮಾರರ ಮನೆಯವನು. ಹನ್ನೊಂದು ವರ್ಷದಿಂದ ಅವರ ಹತ್ತಿರ ಇದ್ದ.

ಮೊದಲ ವರ್ಷ ಅವನು ಒಂದು ಬೋಲ್ಟನ್ನು ಅತಿಯಾಗಿ ಬಿಗಿದು ತುಂಡು ಮಾಡಿದ್ದ. ಉಸ್ತಾದ್ ಅವನ ಕೈ ಹಿಡಿದು ಕುಲುಕಿದರು. ಕುಲುಕುತ್ತಾ ಹಿಡಿತ ಬಿಗಿ ಮಾಡಿದರು. ಇನ್ನೂ ಬಿಗಿ ಮಾಡಿದರು. ಮೌನೇಶ ಅಯ್ಯೋ ಅಂದಾಗ ಕೈಬಿಟ್ಟು ಹೋದರು.

ಆಮೇಲೆ ಅವನು ಯಾವ ಬೋಲ್ಟನ್ನೂ ಮುರಿಯಲಿಲ್ಲ. ಇಂಥ ಪಾಠ ಈ ಸೀಮೆಯಲ್ಲಿ ಯಾರಿಗೆ ಸಿಕ್ಕಿದೆ ಎಂಬ ಹೆಮ್ಮೆ ಅವನಿಗೆ.

ಒಂದು ಕೆಲಸವನ್ನು ಮಾತ್ರ ಉಸ್ತಾದ್ ಅವನಿಗೆ ಬಿಟ್ಟುಕೊಟ್ಟಿರಲಿಲ್ಲ. ಬ್ರೇಕಿನ ಕೆಲಸ. ಪ್ರತಿ ಲಾರಿಯ ಬ್ರೇಕಿಗೂ ಅವರೇ ಕೈ ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಪರಸಪ್ಪ ಬಂದ. ಕ್ವಾರಿಯಿಂದ ಚಪ್ಪಡಿ ಕಲ್ಲು ಸಾಗಿಸುವವನು. ಅವನದೇ ಲಾರಿ, ಅವನೇ ಡ್ರೈವರ್. ಉಸ್ತಾದ್ ಬಾಗಿಲಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

"ಮೌನೇಶ ಮೇಸ್ತ್ರಿ ಅದಾರೇನ್ರಿ?" ಎಂದು ಅವರನ್ನೇ ಕೇಳಿದ.

ಉಸ್ತಾದ್ ಒಳಗೆ ಕೈ ತೋರಿಸಿದರು. ಚಹಾ ಅರ್ಧಕ್ಕೆ ಬಿಟ್ಟು ಹೊಳೆ ಕಡೆಗೆ ನಡೆದರು.

"ಗಾಡಿ ಚಾಸಿ ಉಕ್ಕಿನಂಗ ಗಟ್ಟಿ ಐತಿ ಮೇಸ್ತ್ರಿ, ಇಂಜಿನ್ ಮಾತ್ರ ಸತ್ತೈತಿ," ಅಂದ ಪರಸಪ್ಪ. "ದಿಬ್ಬ ಏರೂದ್ರಾಗ ಉಸಿರು ಬಿಡ್ತದ. ಆರು ಟನ್ ಹಾಕಿದ್ರ ನಿಂತು ಬಿಡ್ತದ."

"ದೊಡ್ಡ ಇಂಜಿನ್ ಹಾಕೋಣು. ಆದ್ರ ಅದು ಈ ಬಾನೆಟ್ಟಿನಾಗ ಹಿಡಿಯೂದಿಲ್ಲ," ಅಂದ ಮೌನೇಶ.

"ಬಾನೆಟ್ಟೂ ಬದಲಿ ಮಾಡ್ರಿ. ಉದ್ದ ಮೂತಿ ಇರಬೇಕು. ದೂರದಿಂದ ನೋಡಿದ್ರ ಇದು ಪರಸಪ್ಪನ ಗಾಡಿ ಅನ್ನಬೇಕು."

ಮೌನೇಶ ಒಂದು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ.

ಗುಜರಿಗೆ ಬಂದಿದ್ದ ಹತ್ತು ಚಕ್ರದ ಲಾರಿಯೊಂದರ ಇಂಜಿನ್ ಇಳಿಸಿ ತಂದ. ಹಳೆಯದಕ್ಕಿಂತ ಅದು ಎರಡು ಕ್ವಿಂಟಲ್ ಜಾಸ್ತಿ ಭಾರ. ಇಂಜಿನ್ ಹೊರುವ ಹೊಸ ಮೌಂಟಿಂಗ್ ಬಡಿದು ಕೂರಿಸಿದ. ಬೇರೊಂದು ಲಾರಿಯ ಬಾನೆಟ್ ತಂದು ನಡುವೆ ಕೊಯ್ದು, ಗೇಣುದ್ದ ತಗಡು ಸೇರಿಸಿ ಬೆಸೆದ. ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯದಂತೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ನಯ ಮಾಡಿದ.

ಆ ಒಂದು ತಿಂಗಳಲ್ಲಿ ಅವನು ಉಸ್ತಾದರನ್ನು ಒಂದು ಮಾತೂ ಕೇಳಲಿಲ್ಲ. ಕೇಳುವ ಅಗತ್ಯ ಬೀಳಲಿಲ್ಲ.

ಕೊನೆಯ ದಿನ ಬಣ್ಣ ಒಣಗಿದ ಮೇಲೆ ಇಂಜಿನ್ ಚಾಲೂ ಮಾಡಿದ. ಶೆಡ್ಡಿನ ತಗಡು ನಡುಗಿತು. ದಂಡೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು ತಿರುಗಿ ನೋಡಿದರು.

"ಉಸ್ತಾದ್, ಬರ್ರಿ. ಹೆಂಗೈತಿ ನೋಡ್ರಿ."

ಉಸ್ತಾದ್ ಬಂದರು. ಲಾರಿಯ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ ಎತ್ತಿ ಇಂಜಿನ್ ನೋಡಿದರು. ಬಗ್ಗಿ ಚಕ್ರದ ಒಳಬದಿ ನೋಡಿದರು.

ಆಮೇಲೆ ಹೊಳೆಗಿಳಿದು ಒಂದು ದುಂಡುಗಲ್ಲು ಎತ್ತಿಕೊಂಡು ಬಂದರು. ಮುಂದಿನ ಚಕ್ರಕ್ಕೆ ಅದನ್ನು ಆನಿಸಿಟ್ಟು ಒಳಗೆ ಹೋದರು.

ಮೌನೇಶ ಆ ಕಲ್ಲಿನ ಮುಂದೆ ಬಹಳ ಹೊತ್ತು ಕೂತ. ಮರುದಿನ ಬೆಳಗಾಗುವಷ್ಟರಲ್ಲಿ ಅವನಿಗೆ ಅರ್ಥ ಹೊಳೆದಿತ್ತು. ಹೊಳೆದದ್ದಕ್ಕೆ ಕಣ್ಣು ತುಂಬಿ ಬಂತು.

ಉಸ್ತಾದ್ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು.

"ಕಲ್ಲಿನ ಅರ್ಥ ಆತ್ರಿ ಉಸ್ತಾದ್."

"ಏನು?"

"ಈ ಕೆಲಸ ಮಾಡಿ ನನಗ ಸೊಕ್ಕು ಬಂದಿತ್ತು. ಸೊಕ್ಕು ಉರುಳಾಕ ಹತ್ತಿದ್ರ ಅದಕ್ಕೊಂದು ಕಲ್ಲು ಕೊಡಬೇಕು ಅಂತ ತೋರಿಸಿದ್ರಿ."

ಉಸ್ತಾದ್ ಅವನ ಮುಖವನ್ನೇ ನೋಡಿದರು. ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಿನಗ ಹಂಗನಸ್ತೇನು?"

"ಹೌದ್ರಿ."

"ಹಂಗಾದ್ರ ಹಂಗ," ಅಂದರು.

ಮೌನೇಶ ಅವರ ಕಾಲಿಗೆ ನಮಸ್ಕಾರ ಮಾಡಿದ. ಹೊರಗೆ ಬಂದು ಚಕ್ರದ ಮುಂದಿನ ಕಲ್ಲನ್ನು ಪಕ್ಕಕ್ಕೆ ಸರಿಸಿದ. ದಂಡೆಯ ಸಪಾಟು ರಸ್ತೆಯಲ್ಲಿ ಖಾಲಿ ಲಾರಿ ಓಡಿಸಿ ಬ್ರೇಕ್ ತುಳಿದ. ನಿಂತಿತು. ಉಸ್ತಾದ್ ಬಗ್ಗಿ ನೋಡಿದ್ದಾರಲ್ಲ, ಇನ್ನೇನು ಎಂದುಕೊಂಡ.

ಪರಸಪ್ಪ ಬಂದು ಬಾನೆಟ್ಟಿನ ಮೂತಿಗೆ ಚೆಂಡುಹೂವಿನ ಮಾಲೆ ಹಾಕಿ, ಹಾರ್ನ್ ಬಾರಿಸುತ್ತಾ ಲಾರಿ ಒಯ್ದ.

ಹತ್ತೊಂಬತ್ತನೆಯ ದಿನ ಸುದ್ದಿ ಬಂತು.

ಆರು ಟನ್ನಿಗೆ ನಿಲ್ಲುತ್ತಿದ್ದ ಲಾರಿ ಈಗ ಹನ್ನೊಂದು ಟನ್ ಎಳೆಯುತ್ತಿತ್ತು. ಪರಸಪ್ಪ ಅಷ್ಟನ್ನೂ ಹೇರಿದ. ಕ್ವಾರಿಯ ಇಳಿಜಾರಿನಲ್ಲಿ ಲಾರಿ ಬಿರುಸಾಯಿತು. ಬ್ರೇಕ್ ತುಳಿದರೆ ಸುಟ್ಟ ವಾಸನೆ ಬಂತೇ ಹೊರತು ಲಾರಿ ನಿಲ್ಲಲಿಲ್ಲ. ಕೆಳಗೆ ಬಸ್ಸಿಗೆ ಕಾಯುವ ಜನ ನಿಂತಿದ್ದರು. ಪರಸಪ್ಪ ಸ್ಟೇರಿಂಗ್ ತಿರುಗಿಸಿ ಗುಡ್ಡಕ್ಕೆ ಗುದ್ದಿದ.

ಜನ ಉಳಿದರು. ಹಿಂದಿನ ಚಪ್ಪಡಿಗಳು ಕ್ಯಾಬಿನ್ ಒಡೆದು ಮುಂದೆ ಬಂದವು. ಪರಸಪ್ಪ ಉಳಿಯಲಿಲ್ಲ.

ಮೌನೇಶ ಗುಡ್ಡದ ಬುಡಕ್ಕೆ ಹೋದ. ಅಪ್ಪಚ್ಚಿಯಾದ ಬಾನೆಟ್ ದಾಟಿ ಲಾರಿಯ ಅಡಿಗೆ ನುಸುಳಿದ. ಬ್ರೇಕ್ ಡ್ರಮ್ಮುಗಳು ಕಾದು ನೀಲಿ ಬಣ್ಣಕ್ಕೆ ತಿರುಗಿದ್ದವು. ಹಳೆಯ ಇಂಜಿನ್ನಿನ ಕಾಲದ ಸಣ್ಣ ಡ್ರಮ್ಮುಗಳು. ಯಾರೂ ಬದಲಿಸಿರಲಿಲ್ಲ.

ಅಲ್ಲಿಯೇ, ಲಾರಿಯ ಅಡಿಯಲ್ಲಿ ಮಲಗಿದ್ದಾಗ, ಅವನಿಗೆ ಕಲ್ಲಿನ ಅರ್ಥ ತಿಳಿಯಿತು.

ಅವನು ನೇರವಾಗಿ ಪರಸಪ್ಪನ ಮನೆಗೆ ಹೋದ. ಹೆಂಡತಿ ಹುಲಿಗೆವ್ವ ಗೋಡೆಗೆ ಒರಗಿ ಕೂತಿದ್ದಳು. ಕೂಡಿದ್ದ ಜನ ಅವಳ ಹಣೆಬರಹದ ಮಾತಾಡುತ್ತಿದ್ದರು.

"ನೀನೇನು ಆ ಮೇಸ್ತ್ರಿ?" ಎಂದು ಹುಲಿಗೆವ್ವ ಕೇಳಿದಳು.

"ಹೌದಕ್ಕ."

"ಮೂವತ್ತು ವರ್ಷ ಗಾಡಿ ಹೊಡದವರು ಅವರು. ಯಾಕ ನಿಲ್ಲಲಿಲ್ಲ ಅದು? ಇವರೆಲ್ಲ ದೇವರ ಇಚ್ಛೆ ಅಂತಾರ. ನೀನರ ಹೇಳು."

"ದೊಡ್ಡ ಇಂಜಿನ್ ಹಾಕಿದೆ ಅಕ್ಕ. ಬ್ರೇಕ್ ದೊಡ್ಡದು ಹಾಕಲಿಲ್ಲ. ತಪ್ಪು ನನ್ನದು."

ಯಾರೋ ಅವನ ಕೊರಳಪಟ್ಟಿ ಹಿಡಿದರು. ಹುಲಿಗೆವ್ವ ಬಿಡಿಸಿದಳು.

"ಇಷ್ಟೇನಾ?" ಅಂದಳು. "ಇಷ್ಟು ಸಣ್ಣ ಮಾತಾ? ಇದನ್ನ ಮೊದಲ ಒಬ್ಬರೂ ಹೇಳಲಿಲ್ಲೇನು ಅವರಿಗೆ?"

ಮೌನೇಶ ಹೊರಗೆ ನಡೆದ.

ಹೊಳೆಯ ದಂಡೆಗೆ ಬಂದಾಗ ಹೊತ್ತು ಇನ್ನೂ ಇತ್ತು. ಉಸ್ತಾದ್ ನೀರಿನ ಹತ್ತಿರ ಕೂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು. ಎದುರಿಗಿಟ್ಟ ಊಟದ ಡಬ್ಬಿ ಬಿಚ್ಚಿರಲಿಲ್ಲ.

"ನಿಮಗ ಗೊತ್ತಿತ್ತು," ಅಂದ ಮೌನೇಶ.

"ಕಲ್ಲು ಇಟ್ಟಿದ್ನಲ್ಲ."

"ಕಲ್ಲು ಇಟ್ರಿ. ನನಗ ತಿಳೀಲಿಲ್ಲ. ನಾ ದಡ್ಡ. ಆದ್ರ ತಪ್ಪು ಅರ್ಥ ಮಾಡ್ಕೊಂಡು ನಿಮ್ಮ ಮುಂದ ಬಂದು ಹೇಳಿದ್ನಲ್ಲ? ಆಗರ ಅಲ್ಲ ಅನ್ನಬೇಕಾಗಿತ್ತು. ಅಲ್ಲ. ಎರಡಕ್ಷರ ಉಸ್ತಾದ್."

ಉಸ್ತಾದ್ ನೀರು ನೋಡಿದರು.

"ಪ್ರತಿ ಗಾಡಿ ಬ್ರೇಕು ನೀವೇ ಮಾಡ್ತಿದ್ರಿ. ಇದೊಂದಕ್ಕ ಯಾಕ ಕೈ ಹಾಕಲಿಲ್ಲ?"

"ಅದು ನಿನ್ನ ಗಾಡಿ ಆಗಿತ್ತು."

"ನನ್ನ ತಪ್ಪು ನಾ ಒಪ್ಪೀನಿ. ಆ ಅಕ್ಕನ ಮುಂದ ನಿಂತು ಹೇಳಿ ಬಂದೀನಿ. ನಿಮ್ಮ ಹೆಸರು ಎತ್ತಿಲ್ಲ, ಎತ್ತೂದೂ ಇಲ್ಲ." ಮೌನೇಶ ಅವರ ಎದುರಿಗೆ ಕೂತ. "ಹನ್ನೊಂದು ವರ್ಷ ನೀವು ಏನು ಮಾಡಿದ್ರೂ ಅದರಾಗ ಪಾಠ ಐತಿ ಅಂತ ನಂಬಿದ್ದೆ. ಆ ದಿನ ನೀವು 'ಹಂಗಾದ್ರ ಹಂಗ' ಅಂದ್ರಲ್ಲ, ಅದರಾಗ ಏನು ಪಾಠ ಇತ್ತು? ಅದೊಂದು ಹೇಳ್ರಿ, ನಾ ಹೋಗ್ತೀನಿ."

ಹಿಂದೆಲ್ಲ ಆಗಿದ್ದರೆ ಉಸ್ತಾದ್ ಎದ್ದು ಹೋಗುತ್ತಿದ್ದರು. ಇಂದು ಏಳಲು ಹೋಗಿ, ಆಗದೆ, ಮತ್ತೆ ಕೂತರು.

"ಪಾಠ ಏನೂ ಇರಲಿಲ್ಲ," ಅಂದರು.

ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಒಂದು ತಿಂಗಳು ನೀನು ನನ್ನ ಏನೂ ಕೇಳಿರಲಿಲ್ಲ. ಇನ್ನೊಂದು ಸಲ ಬಂದು ಕೇಳಲಿ ಅಂತ ಕುಂತಿದ್ದೆ."