ಮೂರು ತಿಂಗಳ ಗುಟ್ಟು

"ಅಜ್ಜಿ, ಬಸುರಿಯ ಗುಟ್ಟು ಕಾಯುತ್ತೇನೆಂದು ಆಣೆ ಇಟ್ಟವಳು ಅದನ್ನು ಡಾಕ್ಟರಿಗೆ ಹೇಳಿದರೆ ಆಣೆ ಮುರಿದಂತೆಯೇ?"

ಕೇಳಿದವಳು ರೇಣವ್ವ, ಸೂಲಗಿತ್ತಿ ಹಾಲಜ್ಜಿಯ ಹತ್ತಿರ ಕೆಲಸ ಕಲಿಯುವವಳು. ಅವಳ ಗೆಳತಿ ಶಾವಂತ್ರಿಗೆ ಮುಟ್ಟು ನಿಂತಿತ್ತು. ಈಗ ಚೂರು ಚೂರು ರಕ್ತ ಕಾಣುತ್ತಿತ್ತು, ಕಿಬ್ಬೊಟ್ಟೆಯ ಒಂದೇ ಮಗ್ಗುಲು ಹಿಡಿದು ನೋಯುತ್ತಿತ್ತು. ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಬೀಳಬಾರದು, ಕಣ್ಣು ತಾಗುತ್ತದೆ ಎಂದು ಶಾವಂತ್ರಿಯ ಮನೆಯವರು ರೇಣವ್ವನಿಂದ ಆಣೆ ಹಾಕಿಸಿದ್ದರು.

"ನನಗೆ ಹೇಳಿದೆಯಲ್ಲ, ಅರ್ಧ ಮುರಿದಾಯಿತು. ಚಪ್ಪಲಿ ಮೆಟ್ಟಿಕೋ, ನಡಿ," ಎಂದಳು ಅಜ್ಜಿ. ಆಸ್ಪತ್ರೆಗೆ ಹೋಗುವುದಿದೆ, ಬೀದಿಯ ತುದಿಯಲ್ಲಿ ನಿಂತಿರು ಎಂದು ಒಬ್ಬ ಆಟೋದವನಿಗೆ ಹೇಳಿ, ಸಂದಿಯಲ್ಲಿ ನಡೆಯುತ್ತಲೇ ಕತೆ ಹೇಳಿದಳು.

ಒಬ್ಬ ನೇಕಾರನಿದ್ದ. ಮದುವೆಯಾಗಿ ಬಹಳ ವರ್ಷಕ್ಕೆ ಅವನ ಹೆಂಡತಿ ಬಸುರಿಯಾದಳು. ಹಿಂದೊಮ್ಮೆ ಕಿಬ್ಬೊಟ್ಟೆಯೊಳಗೆ ಕೀವಾಗಿ, ಜ್ವರ ಬಂದು ಹಾಸಿಗೆ ಹಿಡಿದಿದ್ದವಳು. ಅದನ್ನು ಯಾರೂ ನೆನಪಿಡಲಿಲ್ಲ. ಅತ್ತೆಗೆ ಹಿಗ್ಗೋ ಹಿಗ್ಗು, ಹೆದರಿಕೆ ಅದಕ್ಕಿಂತ ಹೆಚ್ಚು. ನೆರೆಯವಳು ಹುಣಸೆಕಾಯಿ ತಂದರೆ, "ನಮ್ಮಲ್ಲಿ ಯಾರೂ ಹುಳಿ ತಿನ್ನುವುದಿಲ್ಲ," ಎಂದು ಹಿಂದಕ್ಕೆ ಕಳಿಸಿದಳು.

ಸೊಸೆಗೆ ಹೊಟ್ಟೆನೋವು ಬಂತು. ಅತ್ತೆ ಜೀರಿಗೆ ಕಷಾಯ ಕುಡಿಸಿದಳು. ನೋವು ನಿಲ್ಲಲಿಲ್ಲ. ಡಾಕ್ಟರ ಬಳಿ ಕರೆದೊಯ್ದಳು. ಅಲ್ಲಿ ಬೆಂಚಿನ ತುಂಬ ಊರವರೇ.

"ಮುಟ್ಟು ಯಾವಾಗ ಆಗಿದ್ದಮ್ಮ?" ಡಾಕ್ಟರು ಸೊಸೆಯನ್ನು ಕೇಳಿದರು.

"ಮೊನ್ನೆ ತಾನೇ ನೀರು ಹಾಕಿಕೊಂಡಳು, ಸ್ವಾಮಿ. ಇದು ಬರೀ ವಾಯು," ಎಂದಳು ಅತ್ತೆ, ಸೊಸೆ ಬಾಯಿ ತೆರೆಯುವ ಮುಂಚೆಯೇ.

ಡಾಕ್ಟರು ನಂಬಿದರು. ವಾಯುವಿಗೆ ಮಾತ್ರೆ ಕೊಟ್ಟರು. ಮರುದಿನ ಸೊಸೆ ಹೆಗಲ ತುದಿ ನೋಯುತ್ತದೆ ಎಂದಳು. ಹೊಟ್ಟೆಯ ನೋವು ಹೆಗಲಿಗೆ ಹತ್ತುವುದುಂಟೇ ಎಂದು ಅತ್ತೆ ನಕ್ಕಳು. ಕೊಡ ಎತ್ತಲು ಬಗ್ಗಿದ ಸೊಸೆ ಅಲ್ಲೇ ಕುಸಿದಳು.

ದೊಡ್ಡಾಸ್ಪತ್ರೆಯಲ್ಲಿ ಮೂತ್ರ ನೋಡಿದರು, ಸ್ಕ್ಯಾನ್ ಮಾಡಿದರು. ಗರ್ಭಚೀಲ ಬರಿದಾಗಿತ್ತು. ಪಿಂಡ, ಹಳೆಯ ಕೀವಿನಿಂದ ಕಿರಿದಾಗಿದ್ದ ಪಕ್ಕದ ನಾಳದಲ್ಲಿ ಕೂತು, ಬೆಳೆದು, ನಾಳವನ್ನೇ ಒಡೆದಿತ್ತು. ಹೊಟ್ಟೆಯೊಳಗೆಲ್ಲ ರಕ್ತ; ಹೆಗಲು ನೋಯಿಸಿದ್ದೂ ಅದೇ.

"ಕೂಸನ್ನು ಉಳಿಸಿಕೊಡಿ," ಎಂದಳು ಅತ್ತೆ.

"ಅಲ್ಲಿ ಕೂತ ಪಿಂಡ ಎಂದೂ ಕೂಸಾಗುವುದಿಲ್ಲ, ತಾಯಿ! ಒಡೆಯುವ ಮೊದಲೇ ಹೇಳಿದ್ದರೆ ಸೂಜಿಮದ್ದಿನಲ್ಲೇ ಕರಗುತ್ತಿತ್ತೋ ಏನೋ," ಎಂದರು ಅಲ್ಲಿನ ಡಾಕ್ಟರು. ರಕ್ತ ಕೊಟ್ಟರು, ಹೊಟ್ಟೆ ಕುಯ್ದರು, ನಾಳ ತೆಗೆದರು. ಹೊತ್ತು ಮೀರಿತ್ತು.

ಯಾರಿಗೂ ಹೇಳಬಾರದೆಂದಿದ್ದ ಸುದ್ದಿಯನ್ನು ಅತ್ತೆ ಹೆಣದ ಮುಂದೆ ಕೂತು, ಬಂದವರಿಗೆಲ್ಲ ತಾನೇ ಹೇಳಿ ಹೇಳಿ ಅತ್ತಳು.

ಕತೆ ಮುಗಿಯುವಾಗ ಶಾವಂತ್ರಿಯ ಮನೆ ಬಂದಿತ್ತು. ರೇಣವ್ವ ಮೆಟ್ಟಿಲ ಕೆಳಗೇ ನಿಂತುಬಿಟ್ಟಳು.

"ಆದರೂ ಅಜ್ಜಿ, ಆಣೆ..."

"ನೀನು ಆಣೆ ಕಾಯುತ್ತ ಇಲ್ಲೇ ನಿಂತಿರು, ಬಾಗಿಲು ನಾನು ಬಡಿಯುತ್ತೇನೆ."